ಬಟಾಣಿ, ಬಲಗಡೆ

ಕ್ರಿಸ್‌ಮಸ್‌ಗೆ ಇನ್ನು ಆರು ದಿನ ಇದೆ ಅನ್ನುವಾಗ, ಊಟಕ್ಕೆ ಏನೇನು ಮಾಡಬೇಕು ಎಂದು ಪಟ್ಟಿ ಹಾಕುವ ಕೆಲಸ ಹಲ್ಲಣ್ಣನ ತಲೆಗೆ ಬಂತು. ತಾನಾಗಿ ಬರಲಿಲ್ಲ, ಹೆಂಡತಿ ಕಟ್ಟಿದಳು. ಅವಳು ಅಂಚೆ ಕಚೇರಿಯ ಪಾರ್ಸೆಲ್ ವಿಭಾಗದವಳು. ಡಿಸೆಂಬರ್ ಬಂತೆಂದರೆ ಊರಿನವರಿಗೆಲ್ಲ ಒಬ್ಬರ ಮೇಲೊಬ್ಬರಿಗೆ ಪ್ರೀತಿ ಉಕ್ಕುತ್ತದೆ, ಆ ಪ್ರೀತಿಯೆಲ್ಲ ರಟ್ಟಿನ ಡಬ್ಬಗಳಾಗಿ ಬಂದು ಅವಳ ಮೇಜಿನ ಮೇಲೆ ಬೀಳುತ್ತದೆ. ಆ ತಿಂಗಳು ಅವಳಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ.

"ಅಡುಗೆ ನಾನೇ ಮಾಡ್ತೀನಿ ರೀ. ಏನು ಮಾಡ್ಬೇಕು ಅನ್ನೋದನ್ನ ಮಾತ್ರ ನೀವು ಅಮ್ಮನ್ನ ಕೇಳಿ ಬರ್ಕೊಳ್ಳಿ," ಎಂದು ಅವಳು ಬಾಗಿಲಲ್ಲೇ ನಿಂತು ಬೂಟಿನ ದಾರ ಕಟ್ಟಿಕೊಳ್ಳುತ್ತ ಹೇಳಿದಳು. "ನಾನು ಕೇಳಲ್ಲ. ಕೇಳಿದ್ರೆ ಜಗಳ ಆಗತ್ತೆ. ಇನ್ನೊಂದು ಮಾತು. ಈ ಸಲಾನೂ ಅಮ್ಮ ತಟ್ಟೆ ಹಾಗೇ ಬಿಟ್ಟು ಎದ್ರೆ, ಮುಂದಿನ ವರ್ಷದಿಂದ ನಾನು ಕರೆಯೋದೇ ಇಲ್ಲ. ದೇವರಾಣೆ."

ಅವಳು ಆಣೆ ಇಡುವವಳಲ್ಲ. ಹಾಗಾಗಿ ಹಲ್ಲಣ್ಣನಿಗೆ ಹೆದರಿಕೆಯಾಯಿತು.

ಹಲ್ಲಣ್ಣ ಎನ್ನುವುದು ಬೀದಿಯ ಜನ ಇಟ್ಟ ಹೆಸರು. ಅವನು ಹಲ್ಲು ಕೀಳುವ ಡಾಕ್ಟರಲ್ಲ, ಕಿತ್ತ ಮೇಲೆ ಹಾಕಿಕೊಳ್ಳುವ ಹಲ್ಲು ಮಾಡುವವನು. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ಅವನು ಅದರಿಂದ ಪ್ಲಾಸ್ಟರಿನ ಅಚ್ಚು ಎರೆದು, ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಜೋಡಿಸಿ, ಸೆಟ್ಟು ಮಾಡಿ ಕಳಿಸುತ್ತಾನೆ. ನೂರಾರು ಜನ ಅವನು ಮಾಡಿದ ಹಲ್ಲಲ್ಲಿ ಊಟ ಮಾಡುತ್ತಾರೆ, ಅವರಲ್ಲಿ ಒಬ್ಬರ ಬಾಯನ್ನೂ ಅವನು ನೋಡಿದವನಲ್ಲ. ದರ್ಜಿಯ ಅಂಗಡಿಗೆ ಅಂಟಿಕೊಂಡ ಒಂದೇ ಕೋಣೆ ಅವನ ಕಾರ್ಖಾನೆ. ಸ್ವಂತದ್ದು. ಶುರುಮಾಡಿ ಮೂರು ವರ್ಷ ಚಿಲ್ಲರೆ ಆಗಿತ್ತು.

ಇನ್ನು ಅತ್ತೆ. ಅವರು ನಲವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಹೆಡ್ ಮೇಡಂ ಆಗಿ ನಿವೃತ್ತರಾದವರು. ಶಾಲೆ ಬಿಟ್ಟರೂ ಕೆಂಪು ಪೆನ್ಸಿಲ್ ಬಿಟ್ಟಿರಲಿಲ್ಲ. ಬೆಳಗಿನ ಪತ್ರಿಕೆಯನ್ನು ತಿದ್ದಿಯೇ ಓದುತ್ತಿದ್ದರು. ಯಾರೋ ಕೊಟ್ಟ ಮದುವೆಯ ಕಾಗದದಲ್ಲಿ ಎರಡು ಒತ್ತಕ್ಷರ ತಪ್ಪಿದ್ದಕ್ಕೆ, ಅದನ್ನು ತಿದ್ದಿ, ಹರಸಿ, ವಾಪಸು ಕಳಿಸಿದ್ದರು. ಆದರೆ ಅವರಿಗೆ ಒಂದು ನಿಯಮವಿತ್ತು. ಹೊಸ ನೋಟ್‌ಬುಕ್ಕಿನ ಮೊದಲನೇ ಪುಟಕ್ಕೆ ಮಾತ್ರ ಕೆಂಪು ಪೆನ್ಸಿಲ್ ಮುಟ್ಟಿಸುತ್ತಿರಲಿಲ್ಲ. ಮೊದಲ ಪುಟದಲ್ಲೇ ಕೆಂಪು ಕಂಡ ಮಗು ಎರಡನೇ ಪುಟ ತಿರುಗಿಸೋಕೆ ಹೆದರುತ್ತದೆ ಎನ್ನುತ್ತಿದ್ದರು. ಮೊಮ್ಮಗಳು ಗುಬ್ಬಿಗೆ ಒಂಬತ್ತು ವರ್ಷ, ಬುದ್ಧಿ ಇನ್ನೂ ಜಾಸ್ತಿ. ಅಜ್ಜಿಯ ಈ ನಿಯಮ ಗೊತ್ತಿದ್ದರಿಂದ ಅವಳು ಮನಸ್ಸಿಗೆ ಬಂದ ಹಾಗೆ ಗೀಚುವುದನ್ನೆಲ್ಲ ಹೊಸ ಪುಸ್ತಕದ ಮೊದಲ ಪುಟದಲ್ಲೇ ಗೀಚುತ್ತಿದ್ದಳು.

ಇಂಥ ಅತ್ತೆ ಮೂರು ಕ್ರಿಸ್‌ಮಸ್‌ನಿಂದ ಮಗಳ ಮನೆಯಲ್ಲಿ ಸರಿಯಾಗಿ ಊಟ ಮಾಡಿರಲಿಲ್ಲ. ಮೊದಲ ವರ್ಷ ನಾಲ್ಕು ಚಮಚ ಸೂಪು ಕುಡಿದು ಹೊಟ್ಟೆ ತುಂಬಿತು ಅಂದರು. ಎರಡನೇ ವರ್ಷ ಕೋಳಿಯನ್ನು ಚೂರುಚೂರು ಮಾಡಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿ, ಮೇಲೊಂದು ಸೊಪ್ಪಿನೆಲೆ ಮುಚ್ಚಿ ಎದ್ದರು. ಹೋದ ವರ್ಷವಂತೂ ಕೈಚೀಲದಿಂದ ಸಣ್ಣ ಡಬ್ಬಿ ತೆಗೆದು, ಮನೆಯಿಂದಲೇ ಮಾಡಿ ತಂದಿದ್ದ ಗಂಜಿ ಕುಡಿದರು. ಅವತ್ತು ಹೆಂಡತಿ ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಅತ್ತು ಬಂದಳು. ನಲ್ಲಿಯ ಸದ್ದಿಗೆ ಯಾರೂ ಮೋಸ ಹೋಗಲಿಲ್ಲ.

"ಮುಂಚೆ ಉಪ್ಪು ಜಾಸ್ತಿ, ಹುಳಿ ಕಮ್ಮಿ ಅಂತ ಏನಾದ್ರೂ ಅಂತಿದ್ರು," ಎಂದು ಅವಳು ಆಮೇಲೆ ಹೇಳಿದ್ದಳು. "ಈಗ ಎಲ್ಲದಕ್ಕೂ ‘ಚೆನ್ನಾಗಿದೆ’ ಅಂತಾರೆ, ತಟ್ಟೆ ಪಕ್ಕಕ್ಕೆ ತಳ್ತಾರೆ. ತಿದ್ದೋಕೂ ಲಾಯಕ್ಕಿಲ್ಲ ನನ್ನ ಅಡುಗೆ."

ಹಲ್ಲಣ್ಣನ ಲೆಕ್ಕ ಬೇರೆ. ಹೆಂಡತಿಗೆ ಹಿಂದೆ ಒಬ್ಬ ಹಲ್ಲಿನ ಡಾಕ್ಟರ ಕಡೆಯಿಂದ ಸಂಬಂಧ ಬಂದಿತ್ತು. ಅದು ಯಾಕೋ ಮುರಿದುಬಿತ್ತು, ಆಮೇಲೆ ಇವನು ಬಂದ. ಡಾಕ್ಟರು ಕೂರಬೇಕಾದ ಕುರ್ಚಿಯಲ್ಲಿ ಪ್ಲಾಸ್ಟರ್ ಮೆತ್ತಿಕೊಂಡವನು ಕೂತರೆ ಯಾವ ಅತ್ತೆಗೆ ತುತ್ತು ಇಳಿದೀತು ಎಂದು ಅವನು ತನ್ನಷ್ಟಕ್ಕೆ ಅಂದುಕೊಂಡಿದ್ದ. ಇದನ್ನು ಅವನು ಯಾರ ಹತ್ತಿರವೂ ಹೇಳಿರಲಿಲ್ಲ. ಒಳಗೊಳಗೇ ಕೊರಗುವುದರಲ್ಲಿ ಅವನು ಎತ್ತಿದ ಕೈ.

ಸರಿ, ಸಂಜೆ ಫೋನು ಹಚ್ಚಿದ. ಗುಬ್ಬಿ ಹೊಸ ನೋಟ್‌ಬುಕ್ಕು ತೆರೆದು ಪಕ್ಕದಲ್ಲಿ ಕೂತಳು. ಅತ್ತೆಯ ಫೋನು ಯಾವಾಗಲೂ ಹತ್ತು ಸಲವಾದರೂ ಹೊಡೆದುಕೊಳ್ಳಬೇಕು, ಆಮೇಲೇ ಎತ್ತುವುದು. ಕಾಯಿಸುವುದು ಹೆಡ್ ಮೇಡಂಗಳ ಹಕ್ಕು ಎಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದರು. ಅವತ್ತೂ ಹನ್ನೊಂದನೆಯದಕ್ಕೆ ಎತ್ತಿದರು.

"ಅತ್ತೆ, ಕ್ರಿಸ್‌ಮಸ್ ಊಟಕ್ಕೆ ಏನು ಮಾಡೋಣ ಹೇಳಿ. ಸೂಪು?"

"ಆಗ್ಬಹುದು."

"ಇಡೀ ಕೋಳಿ. ಮೇಲಿನ ಚರ್ಮ ಗರಿಗರಿ ಆಗೋ ಹಾಗೆ?"

"ನೀವೆಲ್ಲ ತಿನ್ನಿ. ನಂಗೆ ಬೇಡ."

"ಮೀನು?"

"ಬೇಯ್ಸಿದ್ದಾದ್ರೆ ಒಂದು ಚೂರು."

"ಆಲೂಗಡ್ಡೆ ಹುರಿಯೋದಾ?"

"ಬೇಯ್ಸಿ ಹಿಸುಕಿ. ಹುರಿಯೋದು ಯಾಕೆ?"

"ಹಸಿ ತರಕಾರಿ ಸ್ವಲ್ಪ ಹೆಚ್ಚಿ ಇಡೋಣ್ವಾ?"

"ಹಸೀದನ್ನ ದನ ತಿನ್ನತ್ತೆ ಅಳಿಯಂದ್ರೇ."

ಗುಬ್ಬಿ ಕಿಸಕ್ಕನೆ ನಕ್ಕು ಅದನ್ನೂ ಬರೆದುಕೊಂಡಳು. ಬ್ರೆಡ್ಡು ಆಗಬಹುದು, ಅಂಚು ಕತ್ತರಿಸಬೇಕು. ಕ್ಯಾರೆಟ್ ಆಗಬಹುದು, ಬೆಣ್ಣೆಯ ಹಾಗೆ ಬೇಯಬೇಕು. ಕೇಕಿನಲ್ಲಿ ಬಾದಾಮಿ, ಗೋಡಂಬಿ ಯಾವುದೂ ಬೇಡ.

"ಬಟಾಣಿ?"

"ಬಟಾಣಿ ಪರವಾಗಿಲ್ಲ. ಬಲಗಡೆ..." ಅತ್ತೆ ಅಲ್ಲಿಗೆ ನಿಲ್ಲಿಸಿಬಿಟ್ಟರು.

"ಬಲಗಡೆ ಏನತ್ತೆ?"

"ಏನಿಲ್ಲ. ಬಟಾಣಿ ಆಗ್ಬಹುದು ಅಂದೆ." ಅತ್ತೆ ದನಿ ತಗ್ಗಿಸಿದರು. "ಅಳಿಯಂದ್ರೇ, ನೀವು ತಪ್ಪು ತಿಳ್ಕೋಬಾರ್ದು. ಈ ಸಲ ನಾನು ಇಲ್ಲೇ ಊಟ ಮುಗಿಸ್ಕೊಂಡು ಸಂಜೆ ಹೊತ್ತಿಗೆ ಬಂದ್ಬಿಡ್ತೀನಿ. ಅವಳಿಗೆ ನೀವೇ ನಿಧಾನಕ್ಕೆ ಹೇಳಿ."

ಅದು ಹಲ್ಲಣ್ಣನಿಗೆ ನುಂಗಲಾರದ ತುತ್ತಾಯಿತು. ಹೆಂಡತಿಗೆ ಹೇಳಿದರೆ ಅವಳ ಆಣೆ ಅವತ್ತೇ ಜಾರಿಗೆ ಬರುತ್ತದೆ. ಹೇಳದಿದ್ದರೆ ಕ್ರಿಸ್‌ಮಸ್ ದಿನ ಮಧ್ಯಾಹ್ನ ಖಾಲಿ ಕುರ್ಚಿ ತಾನೇ ಹೇಳುತ್ತದೆ. ಅವನು ಹೇಳಲಿಲ್ಲ. ಇನ್ನೂ ಐದು ದಿನ ಇದೆಯಲ್ಲ ಅಂದುಕೊಂಡ.

ರಾತ್ರಿ ಊಟಕ್ಕೆ ಮೊದಲು ಹೆಂಡತಿ ಗುಬ್ಬಿಯ ಪಟ್ಟಿ ಓದಿದಳು. "ಇದೇನು, ಆಸ್ಪತ್ರೆ ಊಟಾನಾ?" ಎಂದಳು. ಆಮೇಲೆ ಹುಬ್ಬು ಗಂಟಿಕ್ಕಿದಳು. "ಬಟಾಣಿ, ಬಲಗಡೆ. ಇದೇನರ್ಥ?"

"ಅಜ್ಜಿ ಹಾಗೇ ಹೇಳಿದ್ದು," ಎಂದಳು ಗುಬ್ಬಿ.

"ಬಟಾಣೀನ ಬಲಗಡೇಗೇ ಬಡಿಸ್ಬೇಕಂತಾ? ಊಟ ತಿದ್ದಿ ಆಯ್ತು, ಈಗ ಟೇಬಲ್ಲೂ ತಿದ್ತಾರಾ?" ಪಟ್ಟಿಯನ್ನು ಮುಚ್ಚಿ ಗಂಡನ ಜೇಬಿಗೆ ತುರುಕಿದಳು. "ನಿಮ್ಮ ಹತ್ರಾನೇ ಇರ್ಲಿ. ನೋಡಿದ್ರೆ ನಂಗೆ ಹೊಟ್ಟೆ ಉರಿಯತ್ತೆ."

ಜೇಬಿಗೆ ಹೋಗಿದ್ದು ಇಡೀ ನೋಟ್‌ಬುಕ್ಕು. ಸಣ್ಣದಿತ್ತು, ಹಿಡಿಯಿತು.

ಮರುದಿನ ಬೆಳಗ್ಗೆ ಹಲ್ಲಣ್ಣ ಅಂಗಡಿಯಲ್ಲಿ ಕೂತು, ರಜೆಗೆ ಮುಂಚೆ ಮುಗಿಸಬೇಕಾದ ಕೆಲಸಗಳ ಚೀಟಿಗಳನ್ನು ಒಂದೊಂದಾಗಿ ಓದುತ್ತಿದ್ದ. ಕೆಲಸ ಕಳಿಸುವ ಹಲ್ಲಿನ ಡಾಕ್ಟರಮ್ಮನ ಆಸ್ಪತ್ರೆಯಿಂದ ಯಾರೋ ಮುದುಕರ ಒಂದು ಹಳೇ ಸೆಟ್ಟು ರಿಪೇರಿಗೆ ಬಂದಿತ್ತು. ಚೀಟಿಯಲ್ಲಿ ಬರೆದಿದ್ದು ಇಷ್ಟು: ಕೆಳಗಿನ ಸೆಟ್ಟು ಎಡಗಡೆ ಒತ್ತುತ್ತದೆ. ಗಟ್ಟಿ ಪದಾರ್ಥ ತಿನ್ನಲು ಆಗುವುದಿಲ್ಲ. ಬಲಗಡೆ ಮಾತ್ರ ಅಗಿಯುತ್ತಾರೆ.

ಅವನು ಚೀಟಿಯನ್ನು ಮೇಜಿನ ಮೇಲಿಟ್ಟು ಅರ ಕೈಗೆತ್ತಿಕೊಂಡ. ಕೆಳಗಿಟ್ಟ. ಚೀಟಿಯನ್ನು ಮತ್ತೆ ಓದಿದ. ಆಮೇಲೆ ಜೇಬಿನಿಂದ ನೋಟ್‌ಬುಕ್ಕು ತೆಗೆದು, ಚೀಟಿಯ ಪಕ್ಕದಲ್ಲಿ ತೆರೆದಿಟ್ಟ.

ಸೂಪು ಹೌದು. ಗರಿಗರಿ ಚರ್ಮ ಬೇಡ. ಹಿಸುಕಿದ ಆಲೂಗಡ್ಡೆ ಹೌದು. ಹಸೀದು ದನ ತಿನ್ನತ್ತೆ. ಬ್ರೆಡ್ಡಿನ ಅಂಚು ಬೇಡ. ಬಾದಾಮಿ ಬೇಡ. ಬಟಾಣಿ, ಬಲಗಡೆ. ಒಂಬತ್ತು ವರ್ಷದ ಹುಡುಗಿ ಒತ್ತಕ್ಷರ ತಪ್ಪಿ ಬರೆದ ಈ ಪುಟ, ಯಾವ ಡಾಕ್ಟರ ಚೀಟಿಗಿಂತಲೂ ಸ್ಪಷ್ಟವಾಗಿತ್ತು. ಹತ್ತು ಸಲ ಹೊಡೆದುಕೊಳ್ಳುವ ಫೋನು ನೆನಪಾಯಿತು. ಫೋನು ಎತ್ತುವ ಮುಂಚೆ ಹಲ್ಲು ಹುಡುಕಿ ಹಾಕಿಕೊಳ್ಳಲು ಒಬ್ಬರಿಗೆ ಅಷ್ಟೇ ಹೊತ್ತು ಬೇಕು. ಹಾಗಾದರೆ ಮನೆಯಲ್ಲಿ ಒಬ್ಬರೇ ಇರುವಾಗ ಅತ್ತೆ ಹಲ್ಲೇ ಹಾಕುತ್ತಿಲ್ಲ.

ಅತ್ತೆಯ ಹಲ್ಲು ಮಾಡಿದವನು ಅವನೇ. ಅಂಗಡಿ ತೆರೆದ ವಾರ, ಅವನ ಹೆಸರಿನ ಹಲಗೆಯ ಬಣ್ಣ ಇನ್ನೂ ಹಸಿಯಾಗಿದ್ದಾಗ, ಮೊದಲ ಕೆಲಸವೆಂದು ಬಂದಿದ್ದು ಅತ್ತೆಯ ಸೆಟ್ಟು. ಮೊದಲ ಕೆಲಸ, ಅದರಲ್ಲೂ ಅತ್ತೆಯದು! ಅವನು ಅದಕ್ಕೆ ಸುರಿಸಿದಷ್ಟು ಬೆವರನ್ನು ಆಮೇಲೆ ಯಾರ ಹಲ್ಲಿಗೂ ಸುರಿಸಿಲ್ಲ. ನೆನಪಿಗಿರಲಿ ಎಂದು ಅಳತೆಯಿಂದ ಎರಡು ಅಚ್ಚು ಎರೆದಿದ್ದ. ಒಂದು ಕೆಲಸದಲ್ಲಿ ಒಡೆದುಹೋಯಿತು, ಇನ್ನೊಂದು ಮೇಲಿನ ಹಲಗೆಯ ಮೇಲೆ ಮೂರು ವರ್ಷದಿಂದ ಬಹುಮಾನದ ಹಾಗೆ ಕೂತಿತ್ತು.

ಅವನು ಸ್ಟೂಲು ಹತ್ತಿ ಅದನ್ನು ಇಳಿಸಿ, ಧೂಳು ಊದಿ, ಕೆಳದವಡೆಯ ಎಡಗಡೆ ಒಳಮೈಯಲ್ಲಿ ಹೆಬ್ಬೆರಳು ಆಡಿಸಿದ. ಸಿಕ್ಕಿತು. ಅರ್ಧ ಬಟಾಣಿಯಷ್ಟು ಒಂದು ಗುಬುಟು.

ಅಚ್ಚಿನ ಮೇಲೆ ಇಂಥ ಗುಬುಟು ಏಳುವುದು ಹೊಸದಲ್ಲ. ಅಳತೆ ತೆಗೆಯುವಾಗ ಗಾಳಿಯ ಗುಳ್ಳೆ ಸಿಕ್ಕಿಕೊಂಡರೆ ಆ ಜಾಗಕ್ಕೆ ಪ್ಲಾಸ್ಟರ್ ತುಂಬಿ ಹೀಗೆ ಉಬ್ಬುತ್ತದೆ. ಕೆಲಸ ಬಲ್ಲವನು ಅದನ್ನು ಚಾಕುವಿನ ತುದಿಯಿಂದ ಕೆರೆದು ನಯ ಮಾಡುತ್ತಾನೆ. ಹಲ್ಲಣ್ಣನಿಗೆ ಅವತ್ತಿನದು ಚೆನ್ನಾಗಿ ನೆನಪಿತ್ತು. ಅತ್ತೆಯ ಬಾಯಿಗೆ ಏನೂ ಚುಚ್ಚಬಾರದೆಂದು ಕೆಲಸದ ಅಚ್ಚಿನ ಮೇಲಿದ್ದ ಆ ಗುಬುಟನ್ನು ಎಷ್ಟು ಮುತುವರ್ಜಿಯಿಂದ ಕೆರೆದಿದ್ದನೆಂದರೆ, ಆ ಜಾಗ ಕನ್ನಡಿಯ ಹಾಗಾಗಿತ್ತು. ಅದು ಗಾಳಿಯ ಗುಳ್ಳೆಯಾಗಿರದೆ ಅತ್ತೆಯ ದವಡೆಯ ಮೂಳೆಯೇ ಆಗಿದ್ದರೆ? ಬಾಯಲ್ಲಿ ಗುಬುಟಿದೆ, ಸೆಟ್ಟಿನಲ್ಲಿ ಅದಕ್ಕೆ ಜಾಗವಿಲ್ಲ. ಒಂದೊಂದು ತುತ್ತಿಗೂ ಗಟ್ಟಿ ಪ್ಲಾಸ್ಟಿಕ್ಕು ಮೂಳೆಯ ಮೇಲಿನ ಎಳೇ ಒಸಡನ್ನು ಅರೆಯುತ್ತದೆ.

ಮೂರು ವರ್ಷ ಹಲ್ಲು ಕಚ್ಚಿಕೊಂಡು ಸಹಿಸಿದ್ದಾರೆ ಅನ್ನೋಣವೆಂದರೆ, ಪಾಪ, ಕಚ್ಚಲಿಕ್ಕೇ ಆಗುತ್ತಿರಲಿಲ್ಲವಲ್ಲ ಅವರಿಗೆ. ಹಲ್ಲಣ್ಣನಿಗೆ ಮೊದಲು ನಾಚಿಕೆಯಾಯಿತು, ಕಿವಿ ಬಿಸಿಯಾಗುವಷ್ಟು. ಆದರೆ ನಾಚಿಕೆಯ ಹಿಂದೆಯೇ ಇನ್ನೊಂದು ಬಂತು, ಅದು ನಾಚಿಕೆಯನ್ನು ತಳ್ಳಿಕೊಂಡೇ ಬಂತು. ಹಾಗಾದರೆ ಅತ್ತೆಗೆ ತನ್ನ ಮೇಲೆ ಸಿಟ್ಟಿಲ್ಲ! ಹೆಂಡತಿಯ ಅಡುಗೆಯ ಮೇಲೂ ಇಲ್ಲ! ಎಲ್ಲ ಈ ಅರ್ಧ ಬಟಾಣಿಯ ಕಿತಾಪತಿ. ಅವನು ಒಬ್ಬನೇ ಕೂತು ಗಟ್ಟಿಯಾಗಿ ನಕ್ಕ. ಪಕ್ಕದ ದರ್ಜಿ ಹೊಲಿಗೆ ಮೆಷಿನ್ ನಿಲ್ಲಿಸಿ, ಗೋಡೆ ಬಡಿದು, "ಎಲ್ಲ ಸರಿಯಾಗಿದೆ ತಾನೆ?" ಎಂದು ಕೇಳಿದ.

"ಸರಿ ಮಾಡೋಕೆ ಹೊರಟೆ," ಎಂದು ಹಲ್ಲಣ್ಣ ಕೂಗಿ, ನೋಟ್‌ಬುಕ್ಕನ್ನು ಜೇಬಿಗೂ, ಅಚ್ಚು ಮತ್ತು ಕೊರೆಯುವ ಅಂಗೈಯಗಲದ ಕೈಮೆಷಿನ್ನನ್ನು ಚೀಲಕ್ಕೂ ಹಾಕಿಕೊಂಡು, ಬಾಗಿಲೆಳೆದು ಹೊರಟ.

ಅತ್ತೆಯ ಮನೆ ಮೂರನೇ ಮಹಡಿಯಲ್ಲಿ. ಗಂಟೆ ಒತ್ತಿದ. ಒಳಗೆ ಹೆಜ್ಜೆ ಸದ್ದು ಬಾಗಿಲ ತನಕ ಬಂದು, ಕಿಂಡಿಯಲ್ಲಿ ನೋಡಿ, ಮತ್ತೆ ಒಳಗೆ ಓಡಿತು. ಹಲ್ಲಣ್ಣ ಮನಸ್ಸಿನಲ್ಲೇ ಎಣಿಸಿದ. ಬಾಗಿಲು ತೆರೆದಾಗ ಅತ್ತೆ ಪೂರ್ತಿ ಹಲ್ಲು ಹಾಕಿಕೊಂಡು, ಸೆರಗು ಸರಿಮಾಡಿಕೊಂಡು, ಹೆಡ್ ಮೇಡಂ ಆಗಿ ನಿಂತಿದ್ದರು.

"ಏನಿದು, ಹೇಳದೆ ಕೇಳದೆ? ಕೆಲಸ ಇಲ್ವಾ ಇವತ್ತು?"

"ಕೆಲಸಾನೇ ಅತ್ತೆ."

ಒಳಗೆ ಮೇಜಿನ ಮೇಲೆ ಅವತ್ತಿನ ಪತ್ರಿಕೆ ಹರಡಿತ್ತು, ಮುಖಪುಟದಲ್ಲಿ ಏಳು ಕೆಂಪು ಗುರುತು. ಒಲೆಯ ಮೇಲೆ ಗಂಜಿ. ಹಲ್ಲಣ್ಣ ಪತ್ರಿಕೆ ಸರಿಸಿ ಕೂತ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ, ಈಗ ಒಂದೂ ನೆನಪಿಲ್ಲ.

"ಅತ್ತೆ, ಒಂದ್ಸಲ ಬಾಯಿ ಬಿಡ್ತೀರಾ?"

"ಯಾವ ವಿಷಯದ ಬಗ್ಗೆ?"

"ವಿಷಯ ಅಲ್ಲ ಅತ್ತೆ. ಹಲ್ಲು."

ಅತ್ತೆ ಎದ್ದು ಹೋಗಿ ಒಲೆ ಆರಿಸಿ ಬಂದರು. "ಹಲ್ಲಿಗೇನಾಗಿದೆ? ಚೆನ್ನಾಗಿದೆ. ನೀವೇ ಮಾಡಿದ್ದಲ್ವಾ?"

"ಚೆನ್ನಾಗಿದೆ ಅಂತ ನೀವು ಯಾವತ್ತು ಸುಮ್ಮನೆ ಹೇಳಿದ್ದೀರಿ ಅತ್ತೆ?" ಎಂದು ಹಲ್ಲಣ್ಣ ಚೀಲದಿಂದ ಅಚ್ಚು ತೆಗೆದು ಮುಂದಿಟ್ಟ. ಗುಬುಟಿನ ಮೇಲೆ ಬೆರಳಿಟ್ಟ. "ಇದೇನು ಹೇಳಿ."

ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿದರು. ಬೆರಳು ತಾನಾಗಿ ಎಡಗೆನ್ನೆಗೆ ಹೋಯಿತು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಅವರಿಗೂ ಗೊತ್ತಾಯಿತು.

"ಹುಟ್ಟಿದಾಗಿಂದ ಇದೆ ಅದು. ನಮ್ಮಪ್ಪಂಗೂ ಇತ್ತು. ಚಿಕ್ಕವಳಿದ್ದಾಗ ಬಾಯಲ್ಲಿ ಬಟಾಣಿ ಸಿಕ್ಕಾಕೊಂಡಿದೆ ಅಂತ ಅಳ್ತಿದ್ದೆನಂತೆ."

"ನಾನು ಗಾಳಿ ಗುಳ್ಳೆ ಅಂದ್ಕೊಂಡು ಕೆರೆದು ಹಾಕ್ದೆ ಅತ್ತೆ."

"ನನ್ನ ಮೂಳೇನಾ!"

"ಅಚ್ಚಿಂದು, ಅಚ್ಚಿಂದು." ಅವನು ಅಚ್ಚಿನಿಂದ ಬೆರಳು ತೆಗೆದ. "ಮೂರು ವರ್ಷ ಅತ್ತೆ. ಒಂದೇ ಒಂದು ಮಾತು ಹೇಳಬಾರದಿತ್ತಾ? ಊರಿನ ಮದುವೆ ಕಾಗದ ಎಲ್ಲ ತಿದ್ತೀರಿ. ನನ್ನ ತಪ್ಪು ಯಾಕೆ ಬಿಟ್ರಿ?"

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ ಕೂತರು. ಒರೆಸುವಷ್ಟು ಕೊಳೆ ಅದರಲ್ಲಿರಲಿಲ್ಲ.

"ಅವತ್ತು ಡಬ್ಬಿ ಎರಡೂ ಕೈಲಿ ಹಿಡ್ಕೊಂಡು ಬಂದ್ರಿ. ‘ಅತ್ತೆ, ನನ್ನ ಅಂಗಡಿಯ ಮೊದಲನೇ ಸೆಟ್ಟು’ ಅಂದ್ರಿ. ಕಣ್ಣಲ್ಲಿ ನೀರಿತ್ತು ನಿಮಗೆ. ಮೊದಲನೇ ಪುಟಕ್ಕೆ ನಾನು ಹೇಗೆ ಗೆರೆ ಎಳೀಲಿ?"

ಹಲ್ಲಣ್ಣ ಅಚ್ಚನ್ನು ತನ್ನ ಕಡೆಗೆ ತಿರುಗಿಸಿಕೊಂಡ.

"ಆಮೇಲೆ ಹೇಳೋಣ ಅಂದ್ಕೊಂಡೆ," ಎಂದರು ಅತ್ತೆ. "ಎರಡನೇ ಪುಟ ಬರ್ಲಿ ಅಂತ. ಆದ್ರೆ ಹಲ್ಲೇನು ನೋಟ್‌ಬುಕ್ಕಾ, ಇನ್ನೊಂದು ಪುಟ ಇರೋಕೆ? ದಿನ ಕಳೆದಷ್ಟೂ ಹೇಳೋದು ಕಷ್ಟ ಆಯ್ತು. ಇಷ್ಟು ದಿನ ಯಾಕೆ ಸುಮ್ಮನಿದ್ರಿ ಅಂತ ಕೇಳಿದ್ರೆ ಏನು ಹೇಳ್ಲಿ?"

"ನಾನು ಏನೇನೋ ಅಂದ್ಕೊಂಡಿದ್ದೆ ಅತ್ತೆ. ಆ ಡಾಕ್ಟರ ಸಂಬಂಧ ತಪ್ಪಿತು, ಅದಕ್ಕೇ ನಿಮಗೆ ನಾನು..."

"ಯಾವ ಡಾಕ್ಟರು? ಓ, ಅವನಾ!" ಅತ್ತೆ ಮೂಗು ಮುರಿದರು. "ಅವನು ಬರೆದ ಕಾಗದದಲ್ಲಿ ಒಂದೇ ಪುಟಕ್ಕೆ ಒಂಬತ್ತು ತಪ್ಪಿದ್ವು. ನಾನೇ ಬೇಡ ಅಂದಿದ್ದು. ನಿಮ್ಮ ಕಾಗದದಲ್ಲಿ ಎರಡೇ ಇದ್ದಿದ್ದು."

ಹತ್ತು ವರ್ಷದ ಭಾರ ಹಲ್ಲಣ್ಣನ ಎದೆಯಿಂದ ಆ ಒಂದು ಮಾತಿಗೆ ಇಳಿದುಹೋಯಿತು. ಎರಡೇ ತಪ್ಪು! ಅವನಿಗೆ ಎದ್ದು ಕುಣಿಯಬೇಕು ಅನ್ನಿಸಿತು. ಅತ್ತೆಯ ಮುಂದೆ ಕುಣಿಯುವ ಅಭ್ಯಾಸ ಇಲ್ಲದ್ದರಿಂದ, "ಸೆಟ್ಟು ಕೊಡಿ ಅತ್ತೆ," ಎಂದ.

ಅತ್ತೆ ಆ ಕಡೆ ತಿರುಗಿ ತೆಗೆದು, ತೊಳೆದು, ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಅವನು ಕೆಳಗಿನ ಸೆಟ್ಟನ್ನು ಅಚ್ಚಿನ ಮೇಲೆ ಕೂರಿಸಿದ. ಒಂದು ಕಾಲು ಗಿಡ್ಡವಾದ ಮೇಜಿನ ಹಾಗೆ ಅದು ಎಡಕ್ಕೂ ಬಲಕ್ಕೂ ಅಲ್ಲಾಡಿತು. ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಗುಬುಟಿನ ಮೇಲೆ ಬಣ್ಣ ಹಚ್ಚಿ ಸೆಟ್ಟನ್ನು ಒತ್ತಿದರೆ ಎಲ್ಲಿ ಕೊರೆಯಬೇಕೋ ಅಲ್ಲಿಗೆ ಗುರುತು ಇಳಿಯುತ್ತದೆ. ಜೇಬು ತಡಕಿದ, ಬಣ್ಣದ ಪೆನ್ಸಿಲ್ ಅಂಗಡಿಯಲ್ಲೇ ಉಳಿದಿತ್ತು.

"ಅತ್ತೆ, ನಿಮ್ಮ ಕೆಂಪು ಪೆನ್ಸಿಲ್ ಕೊಡಿ."

ಅತ್ತೆ ಪೆನ್ಸಿಲ್ ತಂದರು. ಕೊಡಲಿಲ್ಲ. ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಹಲ್ಲಿಲ್ಲದ ಬಾಯಲ್ಲಿ, "ನಾನೇ ಹಾಕ್ತೀನಿ," ಎಂದರು. ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿ, ಮೂರು ವರ್ಷದ ಹಿಂದಿನ ತಪ್ಪಿನ ಮೇಲೆ ದುಂಡಗೆ, ದಪ್ಪಗೆ, ಕೆಂಪು ಬಳಿದರು.

ಆಮೇಲಿನದು ಕಾಲು ಗಂಟೆಯ ಕೆಲಸ. ಗುರುತು ಸೆಟ್ಟಿನ ಒಳಮೈಗೆ ಇಳಿಯಿತು. ಕೈಮೆಷಿನ್ ಗುಂಯ್‌ಗುಟ್ಟಿ ಆ ಕೆಂಪನ್ನಷ್ಟೇ ತಿಂದು ಹಾಕಿತು. ಮತ್ತೆ ಕೂರಿಸಿ, ಮತ್ತೆ ಗುರುತು ಹಾಕಿ, ಮತ್ತೆ ಕೊರೆದು, ಅಂಚು ನಯ ಮಾಡಿ, ಮೂರನೇ ಸಲಕ್ಕೆ ಸೆಟ್ಟು ಅಚ್ಚಿನ ಮೇಲೆ ಕದಲದೆ ಕೂತಿತು. ಅತ್ತೆ ಅದನ್ನು ಒಳಗೆ ತೆಗೆದುಕೊಂಡು ಹೋಗಿ ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕೂತರು. ದವಡೆ ಒತ್ತಿದರು. ಬಿಟ್ಟರು. ಮತ್ತೆ ಒತ್ತಿದರು. ಕಣ್ಣಿಂದ ನೀರು ಇಳಿಯಿತು.

"ನೋವಾ ಅತ್ತೆ?" ಹಲ್ಲಣ್ಣ ಗಾಬರಿಯಾದ.

"ಇಲ್ಲ. ನೋವಿಲ್ಲ," ಎಂದರು. "ನೋವಿಲ್ಲ ಅಳಿಯಂದ್ರೇ."

ಒಸಡು ಹುಣ್ಣಾಗಿರುತ್ತದೆ, ಇನ್ನು ನಾಲ್ಕು ದಿನ ಗಂಜಿಯನ್ನೇ ಕುಡಿಯಬೇಕು, ನಾಡಿದ್ದು ಡಾಕ್ಟರಮ್ಮನಿಗೆ ತೋರಿಸಲೇಬೇಕು ಎಂದು ಹಲ್ಲಣ್ಣ ಕಟ್ಟುನಿಟ್ಟು ಮಾಡಿದ. ಅತ್ತೆಗೆ ಕಟ್ಟುನಿಟ್ಟು ಮಾಡಿದ್ದು ಜೀವನದಲ್ಲಿ ಅದೇ ಮೊದಲು. ಊಟಕ್ಕೆ ಬರುತ್ತೀರಿ ತಾನೆ ಎಂದು ಕೇಳಿದ್ದಕ್ಕೆ ಮಾತ್ರ ಅತ್ತೆ, "ಅವತ್ತು ಬಾಯಿ ಹೇಗಿರತ್ತೋ ನೋಡೋಣ. ಇನ್ನೊಂದ್ಸಲ ಅವಳ ಮುಂದೆ ತಟ್ಟೆ ಬಿಟ್ಟು ಏಳೋಕೆ ನನ್ ಕೈಲಾಗಲ್ಲ," ಎಂದರು.

ಸಂಜೆ ಹೆಂಡತಿ ಬಂದಳು. ಹಲ್ಲಣ್ಣ ಬಾಗಿಲಲ್ಲೇ ಎಲ್ಲ ಒದರಿದ. ಅವಳು ಬೂಟು ಬಿಚ್ಚುವುದನ್ನೂ ಮರೆತು ನೆಲದ ಮೇಲೆ ಕೂತುಬಿಟ್ಟಳು.

"ಹಾಗಾದ್ರೆ ನನ್ನ ಅಡುಗೆ ಅಲ್ವಾ?"

"ಅಲ್ಲ."

"ನಿಮ್ಮ ಹಲ್ಲಾ?"

"ನನ್ನ ಹಲ್ಲೇ."

"ಇನ್ನೊಂದ್ಸಲ ಹೇಳಿ."

ಅವನು ಇನ್ನೊಂದು ಸಲ ಹೇಳಿದ. ಅವಳು ನಗಲು ಶುರು ಮಾಡಿದಳು. ನಕ್ಕು ನಕ್ಕು ಅಳುವಿಗೆ ಬಂತು, ಅಳುತ್ತಲೇ ಪಾರ್ಸೆಲ್ ಟೇಪಿನ ಉರುಳೆ ತೆಗೆದು ಗಂಡನ ಮೇಲೆ ಎಸೆದಳು. "ಮೂರು ವರ್ಷ ನಲ್ಲಿ ಬಿಟ್ಕೊಂಡು ಅತ್ತಿದ್ದೀನಿ ಕಣ್ರೀ ನಾನು! ನಿಮ್ಮ ಹಲ್ಲಿಗೋಸ್ಕರ!" ಆಮೇಲೆ ಮುಖ ಒರೆಸಿಕೊಂಡು, "ಗುಬ್ಬೀ, ಅಪ್ಪನ ಜೇಬಿಂದ ನೋಟ್‌ಬುಕ್ ತಾ. ಎರಡನೇ ಪುಟ ತೆಗಿ. ಕೋಳಿ ಚರ್ಮ ಗರಿಗರಿ ಅಂತ ಬರಿ. ಕೇಕಿಗೆ ಬಾದಾಮಿ, ಗೋಡಂಬಿ, ಎಲ್ಲ ಬರಿ," ಎಂದಳು.

"ಹಿಸುಕಿದ ಆಲೂಗಡ್ಡೇನೂ ಇರ್ಲಿ," ಎಂದ ಹಲ್ಲಣ್ಣ. ಅಷ್ಟೆಲ್ಲ ಆದಮೇಲೂ ಅವನಿಗೆ ತನ್ನ ಕೈಕೆಲಸದ ಮೇಲೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಊಟಕ್ಕೆ ಬರುವುದು ಅನುಮಾನ ಎಂಬ ಅತ್ತೆಯ ಕಡೇ ಮಾತನ್ನು ಅವನು ಹೆಂಡತಿಗೆ ಹೇಳಿರಲೂ ಇಲ್ಲ.

ಡಾಕ್ಟರಮ್ಮ ಹುಣ್ಣು ವಾಸಿಯಾಗುತ್ತಿದೆ, ಮೆತ್ತಗೆ ಅಗಿದು ನೋಡಬಹುದು ಅಂದರು. ಕ್ರಿಸ್‌ಮಸ್ ದಿನ ಬೆಳಗಿನಿಂದ ಹಲ್ಲಣ್ಣ ಕಿಟಕಿಗೂ ಬಾಗಿಲಿಗೂ ಓಡಾಡಿದ. ಹನ್ನೆರಡೂವರೆಗೆ ಗಂಟೆ ಹೊಡೆಯಿತು. ಅತ್ತೆ ಬಂದಿದ್ದರು, ಕೈಯಲ್ಲಿ ಗಂಜಿಯ ಡಬ್ಬಿ ಇರಲಿಲ್ಲ.

ಸೂಪು ಆಯಿತು. ಕೋಳಿ ಬಂತು. ಹೆಂಡತಿ ಎಲ್ಲಕ್ಕಿಂತ ಗರಿಗರಿಯಾದ ತುಂಡನ್ನು ತಾಯಿಯ ತಟ್ಟೆಗೆ ಹಾಕಿ ಕೂತಳು, ಅವಳು ಮಾತ್ರ ಏನೂ ಬಡಿಸಿಕೊಳ್ಳಲಿಲ್ಲ. ಗುಬ್ಬಿ ಬಾಯಿ ತೆರೆದುಕೊಂಡು ಅಜ್ಜಿಯನ್ನೇ ನೋಡುತ್ತಿದ್ದಳು.

"ನನ್ನ ಬಾಯಿ ಏನು ನೋಡ್ತೀರಿ? ನಿಮ್ಮ ನಿಮ್ಮ ತಟ್ಟೆ ನೋಡ್ಕೊಳ್ಳಿ," ಎಂದು ಅತ್ತೆ ಗದರಿದರು. ಮೂವರೂ ತಟ್ಟೆ ನೋಡಿದರು. ಕಿವಿ ಮಾತ್ರ ಅಲ್ಲೇ ಇತ್ತು.

ಗರಕ್ ಎಂದಿತು.

ಹಲ್ಲಣ್ಣ ತಲೆ ಎತ್ತದೆಯೇ ಲೆಕ್ಕ ಹಾಕಿದ. ಎಡಗಡೆ. ಎಡಗಡೆಯೇ ಸರಿ. ಮತ್ತೆ ಗರಕ್. ಅತ್ತೆ ಅವಸರವಿಲ್ಲದೆ ಅಗಿದರು, ನುಂಗಿದರು, ಇನ್ನೊಂದು ತುಂಡು ಬಾಯಿಗಿಟ್ಟರು. ಹೆಂಡತಿ ಉಸಿರು ಬಿಗಿಹಿಡಿದು ಕೂತಿದ್ದಳು. ಅತ್ತೆ ನೀರು ಕುಡಿದು ಲೋಟ ಕೆಳಗಿಟ್ಟರು.

"ಉಪ್ಪು ಜಾಸ್ತಿ ಆಗಿದೆ ಕಣೇ."

ಹೆಂಡತಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಹೋಗಿ ತಾಯಿಯ ಕತ್ತು ತಬ್ಬಿಕೊಂಡಳು. "ಇನ್ನೇನು ಜಾಸ್ತಿ ಆಗಿದೆ ಹೇಳಮ್ಮಾ. ಎಲ್ಲ ಹೇಳು."

"ಸೂಪು ನೀರಾಗಿತ್ತು. ಕ್ಯಾರೆಟ್ ಬೆಂದು ಬೆಂದು ಸತ್ತಿದೆ. ಬಿಡೇ, ಬಿಡು, ಊಟ ಮಾಡ್ಲಿ ನಾನು," ಎಂದರು ಅತ್ತೆ. ಬಿಡಿಸಿಕೊಳ್ಳಲು ಏನೂ ಮಾಡಲಿಲ್ಲ. ಗುಬ್ಬಿ ನೋಟ್‌ಬುಕ್ಕಿನ ಎರಡನೇ ಪುಟ ತೆರೆದು ಪಕ್ಕದಲ್ಲಿಟ್ಟಳು. ಅತ್ತೆ ಕೈಚೀಲದಿಂದ ಕೆಂಪು ಪೆನ್ಸಿಲ್ ತೆಗೆದು, ಬಾದಾಮಿಯ ದೀರ್ಘ ಸರಿಮಾಡಿ, ಪೆನ್ಸಿಲನ್ನು ಹಾಗೇ ಹಿಡಿದುಕೊಂಡು ಅಳಿಯನ ಕಡೆ ತಿರುಗಿದರು.

"ಅಳಿಯಂದ್ರೇ, ಮೂರು ವರ್ಷದಿಂದ ಹೇಳ್ಬೇಕು ಅಂತಿದ್ದೆ. ಮುಂದಿನ ಎರಡು ಹಲ್ಲು ಉದ್ದ ಆಗಿವೆ. ಕನ್ನಡೀಲಿ ನೋಡ್ಕೊಂಡ್ರೆ ಮೊಲದ ಹಾಗೆ ಕಾಣ್ತೀನಿ."

ಹಲ್ಲಣ್ಣನಿಗೆ ಇಷ್ಟು ಸಂತೋಷ ಯಾವ ಹೊಗಳಿಕೆಗೂ ಆಗಿರಲಿಲ್ಲ. ಅವನು ಕೈ ಒರೆಸಿಕೊಂಡು, ನೋಟ್‌ಬುಕ್ಕು ತನ್ನ ಕಡೆ ಎಳೆದುಕೊಂಡು ಮೂರನೇ ಪುಟ ತಿರುಗಿಸಿದ. "ಹೇಳಿ ಅತ್ತೆ. ಬರ್ಕೋತೀನಿ."

ಅತ್ತೆ ಕೋಳಿಯ ಇನ್ನೊಂದು ತುಂಡು ಹಾಕಿಕೊಂಡು, ಒಂದೊಂದಾಗಿ ಹೇಳತೊಡಗಿದರು.